ಇಪ್ಪತ್ತೊಂದು ಕುದುರೆಯ ಮುಯ್ಯಿ

ಶುಕ್ರವಾರ ನಾಟಿಗೆ ಬನ್ನಿ ಎಂದು ತಿಮ್ಮಮ್ಮ ಹೆಂಗಸರಿಗೆಲ್ಲ ಹೇಳಿ ಆಗಿತ್ತು. ಗದ್ದೆ ಮಾತ್ರ ಇನ್ನೂ ಕೆಸರಾಗಿರಲಿಲ್ಲ. ಅರಕೆರೆ ಕಡೆಯ ನಾಲೆಗೆ ನೀರು ಬಂದು ವಾರ ದಾಟಿತ್ತು. ಶುಕ್ರವಾರ ಸಂಜೆ ತೂಬು ಇಳಿಸುತ್ತೇನೆ, ಆಮೇಲೆ ನನ್ನ ಕಾಲು ಹಿಡಿದರೂ ಇಲ್ಲ ಎಂದು ನೀರುಗಂಟಿ ಮಂಚಯ್ಯ ಮನೆಮನೆಗೂ ಹೇಳಿ ಹೋಗಿದ್ದ. ಈಗಿನದು ಕಟ್ಟು ನೀರಿನ ಕಾಲ. ಒಮ್ಮೆ ನಿಂತರೆ ಮತ್ತೆ ಬಿಡುವ ತನಕ ನಾಲೆಯೊಳಗೆ ನಾಯಿ ಮಲಗುತ್ತವೆ. ಅಷ್ಟರಲ್ಲಿ ಸಸಿ ಬೆಳೆಸುವ ಒಟ್ಲಿನ ಪೈರು ಬಲಿತುಬಿಡುತ್ತದೆ. ಬಲಿತ ಪೈರನ್ನು ನೆಟ್ಟರೆ ಅದು ತೆಂಡೆ ಒಡೆಯುವುದಿಲ್ಲ, ಒಂದು ಕಡ್ಡಿ ನೆಟ್ಟಿದ್ದು ಒಂದು ಕಡ್ಡಿಯಾಗಿಯೇ ನಿಲ್ಲುತ್ತದೆ. ಅಂದರೆ ಈ ಸಲದ ಅನ್ನ ಹೋಯಿತು ಎಂದೇ ಲೆಕ್ಕ.

ಆ ಹೆಂಗಸರು ಕೂಲಿಯವರಲ್ಲ, ಮುಯ್ಯಾಳುಗಳು. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ ಬರಬೇಕು, ಅಷ್ಟೇ. ಮಧ್ಯಾಹ್ನದ ಊಟ ಗದ್ದೆಯವರದು, ಲೆಕ್ಕ ಆಳಿಗೆ ಆಳು. ತಿಮ್ಮಮ್ಮನ ಗುಂಪಿನಲ್ಲಿ ಸಿದ್ದಲಿಂಗಮ್ಮ ಎಂಬ ಮುದುಕಿ ಇದ್ದಳು. ಮಂಡಿ ಪೂರ್ತಿ ಹೋಗಿತ್ತು. ಉಳಿದವರು ಮೂರು ಕಟ್ಟು ಪೈರು ನೆಡುವಷ್ಟರಲ್ಲಿ ಅವಳದು ಒಂದು ಮುಗಿದರೆ ಪುಣ್ಯ. ಆದರೂ ಅವಳೂ ಒಂದಾಳೇ. ಅವಳ ಗದ್ದೆಗೆ ಹೋಗುವಾಗ, ಮುದುಕಿ ನೆಟ್ಟದ್ದು ಕಾಲು ಭಾಗ, ನಾನೂ ಕಾಲು ದಿನ ಬರುತ್ತೇನೆ ಎಂದವರು ಆ ಊರಲ್ಲಿ ಹುಟ್ಟಿಲ್ಲ. ಅಂದಿದ್ದರೆ ಉಳಿದ ಹೆಂಗಸರು ಅವಳನ್ನು ಬದುವಿನ ಮೇಲೇ ಬಿಡಿಸಿ ಬಿಸಾಕುತ್ತಿದ್ದರು.

ಗಂಡಸರಲ್ಲೂ ಇದೇ ಪದ್ಧತಿ ಇತ್ತು. ಎತ್ತಿದ್ದ ಕಾಲಕ್ಕೆ ಜೋಡಿಗೆ ಜೋಡಿ, ಟ್ರಾಕ್ಟರು ಬಂದ ಮೇಲೆ ಗಂಟೆಗೆ ಗಂಟೆ. ತಿಮ್ಮಮ್ಮನ ಗಂಡ ಮುದ್ದಯ್ಯನಿಗೂ ಅವಳ ತಮ್ಮ ಚಲುವರಾಜುವಿಗೂ ಹೀಗೆ ವರ್ಷಗಳಿಂದ ಮುಯ್ಯಿ ನಡೆದು ಬಂದಿತ್ತು. ತವರು ಮೇಲಿನ ಬೀದಿ, ಗಂಡನ ಮನೆ ಕೆಳಗಿನ ಬೀದಿ. ನಡುವೆ ಒಂದು ಅರಳಿಕಟ್ಟೆ, ಒಂದು ಟೀ ಅಂಗಡಿ. ಆ ಹಾಳು ಟೀ ಅಂಗಡಿಯಲ್ಲೇ ಎಲ್ಲ ಹದಗೆಟ್ಟದ್ದು.

ಮುದ್ದಯ್ಯನದು ಪುಟ್ಟ ಟ್ರಾಕ್ಟರು, ಇಪ್ಪತ್ತೊಂದು ಎಚ್‌ಪಿ, ಅಂದರೆ ಇಪ್ಪತ್ತೊಂದು ಕುದುರೆಯ ಬಲ. ಪಾಂಡವಪುರದ ಶೋರೂಮಿಗೆ ಅದನ್ನು ಕೊಳ್ಳಲು ಹೋದಾಗ ಅವನು ಜೇಬಿನಲ್ಲಿ ಒಂದು ತುಂಡು ಹಗ್ಗ ಇಟ್ಟುಕೊಂಡಿದ್ದ. ಕಬ್ಬಿನ ಎರಡು ಸಾಲಿನ ನಡುವಿನ ಅಗಲವನ್ನು ಆ ಹಗ್ಗದಲ್ಲಿ ಅಳೆದು ತಂದಿದ್ದ. ಸಾಲಾಗಿ ನಿಂತಿದ್ದ ಟ್ರಾಕ್ಟರುಗಳ ಹಿಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದರ ಚಕ್ರಕ್ಕೂ ಹಗ್ಗ ಹಿಡಿದು ನೋಡಿದ. "ಇನ್ನೊಂಚೂರು ದೊಡ್ಡದು ತಗಳಿ ಯಜಮಾನ್ರೆ, ಎಚ್‌ಪಿ ಇದ್ರೆ ಎಲ್ಲಾ ಇದ್ದಂಗೆ" ಎಂದು ಮಾರುವವನು ಬೆನ್ನು ಹತ್ತಿದ.

"ನಂಗೆ ಕಬ್ಬಿನ ಸಾಲಲ್ಲಿ ತೂರ್ಬೇಕು, ತೆಂಗಿನ ಬುಡದಲ್ಲಿ ತಿರುಗ್ಬೇಕು. ನಿನ್ ಕುದ್ರೆಗಳ ಕಟ್ಕಂಡು ನಾನೇನ್ ದಸರಾ ಮೆರವಣಿಗೆ ಮಾಡ್ಲಾ?" ಎಂದ ಮುದ್ದಯ್ಯ. ಹಗ್ಗದೊಳಗೆ ಬಂದದ್ದು ಇಪ್ಪತ್ತೊಂದು, ಅದನ್ನೇ ಮನೆಗೆ ತಂದ.

ಅದರ ಗುಣಗಾನ ಕೇಳಿ ಕೇಳಿ ಊರಿನವರ ಕಿವಿ ತೂತಾಗಿತ್ತು. ಎಚ್‌ಪಿ ಎಲ್ಲ ಬರೀ ಬೋರ್ಡು, ಗೇರು ಮುಖ್ಯ, ತೂಕ ಮುಖ್ಯ, ಹಿಂದೆ ಕಟ್ಟುವ ಸಾಮಾನು ಮುಖ್ಯ ಎನ್ನುತ್ತಿದ್ದ. "ನಮ್ಮನೇವ್ಳ ನೋಡ್ರುಲಾ. ಕುಳ್ಳಿ. ನಾಟಿಗೆ ಇಳುದ್ರೆ ಉದ್ದನೇವ್ರೆಲ್ಲ ಇಂದೆ" ಎಂದು ತಿಮ್ಮಮ್ಮನ ಎದುರಿಗೇ ಹೇಳಿ ನಗುತ್ತಿದ್ದ. ಬಾಯಿ ಮುಚ್ಚಿ ಎಂದು ಅವಳು ಗದರುತ್ತಿದ್ದಳು, ಆದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಅವನು ಹೇಳುತ್ತಿದ್ದದ್ದು ಸುಳ್ಳೂ ಅಲ್ಲ. ಚಲುವರಾಜುವಿನ ಕಬ್ಬಿಗೆ ವರ್ಷವೂ ಮಣ್ಣು ಏರಿಸಿಕೊಡುತ್ತಿದ್ದದ್ದು ಈ ಪುಟ್ಟ ಟ್ರಾಕ್ಟರೇ. ದೊಡ್ಡದು ಆ ಸಾಲಿನೊಳಗೆ ಮೂಗು ತೂರಿಸಿದರೆ ಅರ್ಧ ಕಬ್ಬು ಮಲಗಿರುತ್ತಿತ್ತು. ಅದಕ್ಕೆ ಬದಲಾಗಿ ಮುದ್ದಯ್ಯನ ಗದ್ದೆಯನ್ನು ಚಲುವರಾಜು ತನ್ನ ದೊಡ್ಡ ಟ್ರಾಕ್ಟರಿನಲ್ಲಿ ಕೆಸರು ಮಾಡಿಕೊಡುತ್ತಿದ್ದ. ಅಲ್ಲಿ ಇದು, ಇಲ್ಲಿ ಅದು, ಯಾರಿಗೂ ತಕರಾರಿರಲಿಲ್ಲ.

ಈ ವರ್ಷ ಚಲುವರಾಜು ಹಳೆಯದನ್ನು ಕೊಟ್ಟು ಐವತ್ತು ಎಚ್‌ಪಿಯದು ತಂದ. ಹೊಸ ಗಾಡಿ, ಹೊಸ ಹುರುಪು. ಟೀ ಅಂಗಡಿಯ ಮುಂದೆ ಅದನ್ನು ನಿಲ್ಲಿಸಿಕೊಂಡು ನಾಲ್ಕು ಜನರ ನಡುವೆ ತಮಾಷೆಗೆ ಒಂದು ಮಾತು ಆಡಿದ.

"ಬಾವ, ನಿಂದು ಇಪ್ಪತ್ತೊಂದು ಕುದ್ರೆ, ನಂದು ಐವತ್ತು. ಇನ್ಮೇಲೆ ನಿನ್ನ ಎರಡು ಗಂಟೆಗೆ ನಂದೊಂದು ಗಂಟೆ ಅಂತ ಇಟ್ಕಳಣ್ವಾ? ಅದೂ ನಮ್ಮಕ್ಕನ ಮೊಕ ನೋಡ್ಕಂಡು. ಇಲ್ದಿದ್ರೆ ಎರಡೂವರೆ ಆಯ್ತದೆ."

ಕೂತವರು ನಕ್ಕರು. ಮುದ್ದಯ್ಯ ನಗಲಿಲ್ಲ. ಆ ವರ್ಷ ಚಲುವರಾಜುವಿನ ಕಬ್ಬಿಗೆ ಒಂದು ಸುತ್ತು ಮಣ್ಣು ಏರಿಸಿ ಬಂದು ಇನ್ನೂ ಅವನ ಕಾಲಿನ ಧೂಳು ಹೋಗಿರಲಿಲ್ಲ.

"ಸಿದ್ಲಿಂಗವ್ವ ಮುಯ್ಯಿಗೆ ಬಂದಾಗ ನಿನ್ನೆಂಡ್ರು ಅವ್ಳ ಕುದ್ರೆ ಎಣಿಸ್ತಾಳೇನ್ಲಾ?" ಎಂದು ಕೇಳಿದ.

"ಅದು ಎಂಗಸ್ರ ಬಾಬ್ತು ಬುಡು ಬಾವ. ಮುದ್ಕಿ ಡೀಸಲ್ ಕುಡಿಯಾಕಿಲ್ವಲ್ಲ."

ಈ ಸಲ ನಗು ಇನ್ನೂ ಜೋರಾಯಿತು. ಮುದ್ದಯ್ಯ ಅರ್ಧ ಕುಡಿದ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಎದ್ದ. "ನಿನ್ ಟ್ರಾಕ್ಟರು ಚಕ್ರ ಇನ್ನು ನನ್ನ ಗದ್ದೇಲಿ ಕಾಣ್ಬಾರ್ದು ಕಣ್ಲಾ" ಎಂದು ಹೇಳಿ ಹೊರಟುಬಿಟ್ಟ. ತಮಾಷೆ ಅಲ್ಲಿಗೆ ಮುಗಿಯಿತು. ನಕ್ಕವರು ಮನೆಗೆ ಹೋಗಿ ಮುದ್ದೆ ಉಂಡು ಮಲಗಿದರು. ಉರಿ ಬಿದ್ದದ್ದು ತಿಮ್ಮಮ್ಮನ ಹೊಟ್ಟೆಗೆ.

ಅವಳು ತಮ್ಮನ ಮನೆಗೆ ಹೋದಳು. ಚಲುವರಾಜು ಹಟ್ಟಿಯ ಮುಂದೆ ಹೊಸ ಟ್ರಾಕ್ಟರಿಗೆ ನೀರು ಹೊಡೆಯುತ್ತಿದ್ದ. ಅವನ ಹೆಂಡತಿ ಪ್ರಮೀಳಾ ಪೈಪು ಎಳೆದುಕೊಡುತ್ತಿದ್ದಳು. ತಿಮ್ಮಮ್ಮ ಸುತ್ತಿಬಳಸಿ ಮಾತಾಡಲಿಲ್ಲ. ಶುಕ್ರವಾರ ಆಳು ಕರೆದಿದ್ದೇನೆ, ಬಂದು ಕೆಸರು ಮಾಡಿಕೊಡು ಎಂದಳು.

"ನಾನು ತಮಾಸೆಗಂದದ್ದು ಕಣಕ್ಕ" ಎಂದ ಚಲುವರಾಜು. ಅವನ ಮುಖ ನಿಜಕ್ಕೂ ಸಣ್ಣದಾಗಿತ್ತು. "ಬಾವ ಅಂಗೆ ಎದ್ದೋದ್ರೆ ನಾನೇನ್ ಮಾಡ್ಲಿ? ಅಷ್ಟು ಜನದ ಮುಂದೆ ಚಕ್ರ ಇಳಿಸ್ಬೇಡ ಅಂದವ್ರೆ. ಒಂದೇ ಒಂದ್ ಮಾತು ಬಾರ್ಲಾ ಅನ್ನಲಿ, ಎರಡು ಗಂಟೇಲಿ ಮಾಡ್ಕೊಟ್ಟು ಬತ್ತೀನಿ."

"ನಾನು ಕರೀತಿಲ್ವೇನ್ಲಾ?"

"ನೀನು ಕರುದ್ರೆ ಊಟಕ್ಕೆ ಬತ್ತೀನಿ ಕಣಕ್ಕ. ಗದ್ದೆ ಬಾವಂದು."

ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು. ಒಂದು ಮಾತು ಕರೆಯಿರಿ, ನಿಮ್ಮ ಗಂಟು ಹೋಗುವುದೇನು ಎಂದಳು. ಮುದ್ದಯ್ಯ ಗೋಡೆ ನೋಡಿಕೊಂಡು ಉತ್ತರ ಕೊಟ್ಟ.

"ಅವ್ನು ಅಂದದ್ದು ಟೀ ಅಂಗ್ಡೀಲಿ. ತಪ್ಪಾಯ್ತು ಅನ್ನೋದೂ ಟೀ ಅಂಗ್ಡೀಲೇ ಅನ್ಲಿ. ಆಮೇಲೆ ಕರೀತೀನಿ."

ಗಂಡಸರ ಮಾನ ಟೀ ಅಂಗಡಿಯ ಕಟ್ಟೆ ಮೇಲಿರುತ್ತದೆ, ಅಲ್ಲಿಂದ ಎತ್ತಿಕೊಂಡು ಬರಲು ಹೆಂಗಸರಿಗೆ ದಾರಿಯಿಲ್ಲ. ತಿಮ್ಮಮ್ಮ ಎರಡು ಸಲ ಮೇಲಿನ ಬೀದಿಗೆ ಹತ್ತಿ ಇಳಿದಳು. ತಮ್ಮನ ಮನೆಯಲ್ಲಿ ಅವಳಿಗೆ ಕಾಫಿ ಸಿಕ್ಕಿತು, ಬೇಕಾದ ಆ ಒಂದು ಮಾತು ಎರಡು ಮನೆಯಲ್ಲೂ ಸಿಗಲಿಲ್ಲ.

ಮಂಗಳವಾರ ಸಂಜೆ ಮುದ್ದೆ ಬಡಿಸುತ್ತಾ ಅವಳೇ ಒಂದು ದಾರಿ ಹೇಳಿದಳು. "ನಮ್ದ್ರಲ್ಲೇ ಮಾಡಿ ಕನಿ. ನಮ್ಮ ಮೂರಡಿ ರೋಟವೇಟರು, ನಮ್ಮ ಕೇಜ್‌ವೀಲು, ಸಣ್ಣ ಗೇರು. ನಿಧಾನಕ್ಕೆ ಒಡೀರಿ. ಎರಡು ದಿನ, ಒಂದು ರಾತ್ರಿ ಆದ್ರೆ ಆಗ್ಲಿ, ಯಾರಿಗೇನು?"

ಮುದ್ದಯ್ಯ ಸಾರು ಸುರಿದುಕೊಂಡು ಮುದ್ದೆ ಮುರಿದ. ಅದೂ ಸರಿಯೇ ಎಂದ.

ಬುಧವಾರ ಬೆಳಿಗ್ಗೆಯೇ ಇಳಿದ. ಟೈರಿನ ಪಕ್ಕಕ್ಕೆ ಕಬ್ಬಿಣದ ಪಂಜರದಂಥ ಕೇಜ್‌ವೀಲು ಕಟ್ಟಿ, ಹಿಂದೆ ಮಣ್ಣು ಕಲಸುವ ಮೂರಡಿ ರೋಟವೇಟರು ಹಾಕಿ, ಮೊದಲ ಗೇರಿನಲ್ಲಿ ಬದುವಿನ ಪಕ್ಕದಿಂದ ಶುರು ಮಾಡಿದ. ಪುಟ್ಟ ಟ್ರಾಕ್ಟರು ಟುಕುಟುಕು ಎಂದು ಒಂದೇ ಸದ್ದಿನಲ್ಲಿ ಹೋಗಿ ತಿರುಗಿ ಬಂತು. ಒಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು. ಅದಕ್ಕೆ ಆತುರವೂ ಇರಲಿಲ್ಲ, ಆಯಾಸವೂ ಇರಲಿಲ್ಲ. ಸಂಜೆಯ ಹೊತ್ತಿಗೆ ಮೇಲಿನ ಮೂಲೆ, ಹೆಚ್ಚು ಕಡಿಮೆ ಗದ್ದೆಯ ಮೂರನೇ ಒಂದು ಪಾಲು, ಅಂಬಲಿಯ ಹಾಗೆ ಕಲಸಿಕೊಂಡು ನಿಂತಿತು. ತಿಮ್ಮಮ್ಮ ಸೀರೆ ಎತ್ತಿಕಟ್ಟಿ ಇಳಿದು ಕಾಲಿನಲ್ಲಿ ಹದ ನೋಡಿದಳು. ಎಲ್ಲೂ ಹೆಂಟೆ ಸಿಗಲಿಲ್ಲ. ಅವಳ ಜೀವಕ್ಕೆ ಎಷ್ಟೋ ಸಮಾಧಾನವಾಯಿತು. ಅಂದು ಉಪ್ಸಾರಿಗೆ ಅವಳು ತುಪ್ಪ ಬಿಟ್ಟಳು.

ಗುರುವಾರ ಬೆಳಿಗ್ಗೆ ಅವಳು ನಾಲ್ಕಾರು ಹೆಂಗಸರ ಜೊತೆ ಒಟ್ಲಿನಲ್ಲಿ ಪೈರು ಕೀಳುತ್ತಿದ್ದಳು. ಮುದ್ದಯ್ಯ ಗದ್ದೆಯಲ್ಲಿ ಟುಕುಟುಕು ಎನ್ನುತ್ತಿದ್ದ. ಆಗ ಕಾಲುವೆಯ ಆಚೆ ಚಲುವರಾಜು ತನ್ನ ಗದ್ದೆಗೆ ಐವತ್ತು ಇಳಿಸಿದ. ಅವನು ಈ ಕಡೆ ತಿರುಗಿಯೂ ನೋಡಲಿಲ್ಲ, ಒಂದು ಹಾರ್ನೂ ಹೊಡೆಯಲಿಲ್ಲ. ಮುಂದೆ ಆದದ್ದರ ತಪ್ಪನ್ನು ಅವನ ತಲೆಗೆ ಕಟ್ಟುವಂತಿಲ್ಲ. ಅವನ ಗದ್ದೆ, ಅವನು ಮಾಡಿಕೊಂಡ. ಮುದ್ದಯ್ಯ ಎರಡು ಪಟ್ಟೆ ಮುಗಿಸುವುದರೊಳಗೆ ಅವನು ಇಡೀ ಗದ್ದೆ ಮುಗಿಸಿ, ಮಟ್ಟ ಹೊಡೆದು, ರಸ್ತೆ ಹತ್ತಿದ್ದ.

ಬದುವಿನ ಮೇಲೆ ಹೋಗುತ್ತಿದ್ದ ಕಿಟ್ಟಿ ಸೈಕಲ್ಲು ನಿಲ್ಲಿಸಿದ. ಅವನಿಗೆ ಊರಲ್ಲಿ ಬೇರೆ ಕೆಲಸವಿಲ್ಲ.

"ಮುದ್ದಣ್ಣ, ಗೌರಿ ಅಬ್ಬದೊಳ್ಗೆ ಮುಗೀತದಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಪೆಡಲು ತುಳಿದುಕೊಂಡು ಹೋದ.

ಅಷ್ಟೇ. ಅಷ್ಟಕ್ಕೇ ಮುದ್ದಯ್ಯ ಎಂಜಿನ್ ಆಫ್ ಮಾಡಿದ. ಟ್ರಾಕ್ಟರನ್ನು ಗದ್ದೆಯಲ್ಲೇ ಬಿಟ್ಟು, ಕೆಸರುಗಾಲಲ್ಲೇ ಹೋಗಿ ಅರಕೆರೆಯ ಬಸ್ಸು ಹತ್ತಿದ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗೂಡ್ಸ್ ಆಟೋದಲ್ಲಿ ಒಂದು ರೋಟವೇಟರನ್ನು ಹೇರಿಸಿಕೊಂಡು ಬಂದ. ಯಾರೋ ಗುರುತಿನವರದು, ಐದಡಿಯದು, ದೊಡ್ಡ ಟ್ರಾಕ್ಟರಿಗೆ ಹಾಕುವಂಥದು. ಅದನ್ನು ಕಂಡ ಕೂಡಲೇ ತಿಮ್ಮಮ್ಮ ಕೈಯಲ್ಲಿದ್ದ ಪೈರಿನ ಕಟ್ಟನ್ನು ಅಲ್ಲೇ ಬಿಟ್ಟು ಓಡಿ ಬಂದಳು.

"ಬ್ಯಾಡ ಕನಿ. ನಮ್ದಕ್ಕೆ ಅದು ಬಾರ. ನೆನ್ನೆಯಂಗೇ ಓಗಿ, ರಾತ್ರಿ ಆದ್ರೂ ಲೈಟಾಕ್ಕಂಡು ಮುಗಿಸ್ಬೋದು."

"ಸುಮ್ಕಿರಮ್ಮಿ. ಅಗಲಕ್ಕೆ ಒಡುದ್ರೆ ಸಂಜಿಗೆ ಮುಗೀತದೆ."

"ನೀವೇ ಏಳ್ತಿದ್ರಲ್ಲ, ಇಂದೆ ಕಟ್ಟೋ ಸಾಮಾನು ಮುಖ್ಯ ಅಂತ."

ಅವನು ಬಗ್ಗಿ ಮೂರಡಿಯದನ್ನು ಬಿಚ್ಚತೊಡಗಿದ. ಎಚ್‌ಪಿ ಬರೀ ಬೋರ್ಡು ಎಂದು ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಅವತ್ತು ತನ್ನ ಪಾಠವನ್ನು ತಾನೇ ಮರೆತ. ಇಪ್ಪತ್ತೊಂದು ಕುದುರೆ ಐವತ್ತರ ಕೆಲಸವನ್ನು ಐವತ್ತರ ಹೊತ್ತಿನಲ್ಲೇ ಮಾಡುತ್ತದೆ ಎಂದು ತೋರಿಸಬೇಕಿತ್ತು, ಪಾಪ. ಯಾರಿಗೆ ತೋರಿಸಬೇಕಿತ್ತೋ, ಕಿಟ್ಟಿ ಅಷ್ಟು ಹೊತ್ತಿಗೆ ಇನ್ನೊಂದು ಊರಲ್ಲಿದ್ದ.

ಐದಡಿಯದನ್ನು ಎತ್ತುವಾಗಲೇ ಪುಟ್ಟ ಟ್ರಾಕ್ಟರಿನ ಮುಂದಿನ ಚಕ್ರಗಳು ಹಗುರಾದವು. ಮೊದಲ ಪಟ್ಟೆ ನರಳಿಕೊಂಡು ಹೋಯಿತು. ಎರಡನೆಯ ಪಟ್ಟೆಯಲ್ಲಿ ಗದ್ದೆಯ ನಡುವಿನ ತಗ್ಗು ಸಿಕ್ಕಿತು. ಕಾಲುವೆಯಲ್ಲಿ ನೀರಿದ್ದಷ್ಟು ದಿನವೂ ಜಿನುಗು ಇಂಗುವ ಜಾಗ ಅದು, ನಾಟಿಯಲ್ಲಿ ತಿಮ್ಮಮ್ಮನಿಗೇ ತೊಡೆಯವರೆಗೆ ಕಾಲು ಹೂತುಕೊಳ್ಳುತ್ತಿತ್ತು. ರೋಟವೇಟರು ಮಣ್ಣು ಕಚ್ಚಿತು, ಎಂಜಿನ್ನಿನ ಉಸಿರು ಕಟ್ಟಿತು, ಮುದ್ದಯ್ಯ ಆಕ್ಸಿಲೇಟರು ಪೂರ್ತಿ ಕೊಟ್ಟ. ಕಪ್ಪು ಹೊಗೆ ಬಂತು. ಚಕ್ರ ನಿಂತಲ್ಲೇ ತಿರುಗಿ, ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಇಳಿಯಿತು. ಅವನು ರಿವರ್ಸ್ ಹಾಕಿದ, ಮತ್ತೆ ಮುಂದಕ್ಕೆ ಹಾಕಿದ. ಹಾಕಿದಷ್ಟೂ ಇಳಿಯಿತು. ಕೊನೆಗೆ ಹೊಟ್ಟೆ ಕೆಸರಿಗೆ ಊರಿಕೊಂಡಿತು, ಮೂಗು ಮಾತ್ರ ಆಕಾಶ ನೋಡುತ್ತಾ ನಿಂತಿತು.

ಐವತ್ತಿದ್ದಿದ್ದರೆ ಎಳೆದುಕೊಂಡು ಹೋಗುತ್ತಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಇಪ್ಪತ್ತೊಂದೇ ಸಾಕಿತ್ತು, ಅದಕ್ಕೆ ತಕ್ಕುದು ಕಟ್ಟಬೇಕಿತ್ತು ಎಂದು ಇನ್ನು ಕೆಲವರು. ಟೀ ಅಂಗಡಿಗೆ ವಾರಕ್ಕಾಗುವಷ್ಟು ಮಾತಾಯಿತು. ತಿಮ್ಮಮ್ಮನಿಗೆ ಗೊತ್ತಿದ್ದದ್ದು ಒಂದೇ, ಬುಧವಾರ ಅದೇ ಇಪ್ಪತ್ತೊಂದು ಸಾಲದೆ ಬಂದಿರಲಿಲ್ಲ.

ಹಲಗೆ ಇಟ್ಟರು, ಕಲ್ಲು ಇಟ್ಟರು, ನಾಲ್ಕು ಜನ ಸೇರಿ ಹಾರೆ ಕೊಟ್ಟರು. ಅದು ಅಲುಗಲಿಲ್ಲ. ಮುದ್ದಯ್ಯ ದೊಡ್ಡ ಟ್ರಾಕ್ಟರು ಇದ್ದವರಿಗೆಲ್ಲ ಫೋನು ಮಾಡಿದ, ಒಬ್ಬನನ್ನು ಬಿಟ್ಟು. ಎಲ್ಲರೂ ಅವರವರ ಕೆಸರಿನಲ್ಲಿದ್ದರು. ಎಲ್ಲರಿಗೂ ಶುಕ್ರವಾರ ಸಂಜೆಯ ತೂಬಿನದೇ ಭಯ. ಶ್ರೀರಂಗಪಟ್ಟಣದ ಜೆಸಿಬಿಯವನು ದಾರಿ ಕೇಳಿಕೊಂಡು, ಬದು ಮೇಲೆ ಬಂದರೆ ನಾನೂ ಹೂತುಕೊಳ್ಳುತ್ತೇನೆ ಸ್ವಾಮಿ ಎಂದು ಫೋನಿಟ್ಟ. ಚಲುವನಿಗೆ ನಾನು ಹೇಳಲಾ ಎಂದು ತಿಮ್ಮಮ್ಮ ಕೇಳಿದ್ದಕ್ಕೆ ಮುದ್ದಯ್ಯ ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದ. ಕಿತ್ತ ಪೈರಿನ ಕಟ್ಟುಗಳು ಕಾಲುವೆಯ ಅಂಚಿನಲ್ಲಿ ನೀರು ಕುಡಿಯುತ್ತಾ ಸಾಲಾಗಿ ಕೂತಿದ್ದವು. ಕಿತ್ತ ಮೇಲೆ ಅವಕ್ಕೆ ಎರಡು ದಿನದ ಆಯಸ್ಸು. ಅವಳು ಬದುವಿನ ಮೇಲೆ ಕೂತು ಅತ್ತುಬಿಟ್ಟಳು.

ಬರಬೇಡಿ ಎಂದು ಹೆಂಗಸರಿಗೆ ಹೇಳುವ ಹಾಗೂ ಇರಲಿಲ್ಲ. ಶನಿವಾರ ಇನ್ನೊಬ್ಬರ ಗದ್ದೆ, ಭಾನುವಾರ ಮತ್ತೊಬ್ಬರದು, ಅವರವರ ದಿನ ಮೊದಲೇ ಗೊತ್ತಾಗಿತ್ತು. ಶುಕ್ರವಾರ ಹೊತ್ತು ಹುಟ್ಟುವಾಗ ಎಲ್ಲರೂ ಬಂದರು. ಸಿದ್ದಲಿಂಗಮ್ಮ ಕೋಲೂರಿಕೊಂಡು ಎಲ್ಲರಿಗಿಂತ ಮುಂಚೆ ಬಂದಿದ್ದಳು. ಪ್ರಮೀಳಾ ಕೂಡ ಬಂದಳು. ಮನೆಯ ಗಂಡಸರು ಮಾತು ಬಿಟ್ಟರೆ ಹೆಂಗಸರ ಮುಯ್ಯಿ ನಿಲ್ಲುವುದಿಲ್ಲ.

ಗದ್ದೆಯ ನಡುವೆ ಮೂಗೆತ್ತಿಕೊಂಡು ನಿಂತಿದ್ದ ಟ್ರಾಕ್ಟರನ್ನು ನೋಡಿ ಯಾರೂ ನಗಲಿಲ್ಲ. ಸಿದ್ದಲಿಂಗಮ್ಮ ಮಾತ್ರ, "ಆಗಿರೋ ಮೂಲೆ ಮೊದ್ಲು ನೆಡನ ಬನ್ರಮ್ಮಿ" ಎಂದು ಸೀರೆ ಎತ್ತಿಕಟ್ಟಿದಳು. ಬುಧವಾರದ ಮೂಲೆಗೆ ಎಲ್ಲರೂ ಇಳಿದರು. ಪ್ರಮೀಳಾ ಬದುವಿನ ಮೇಲೆ ಹಿಂದೆ ಉಳಿದು, ಸೆರಗಿನ ಮರೆಯಲ್ಲಿ ಗಂಡನಿಗೆ ಫೋನು ಮಾಡಿದಳು. ತಿಮ್ಮಮ್ಮ ಅದನ್ನು ಕಂಡಳು, ಕಾಣದವಳ ಹಾಗೆ ಪೈರು ಬಿಡಿಸಿದಳು.

ಚಲುವರಾಜು ಐವತ್ತರ ಮೇಲೆ ಬಂದ. ಇಳಿದು, ಯಾರ ಮುಖವನ್ನೂ ನೋಡದೆ, ಸರಪಳಿ ತೆಗೆದ. ಮುದ್ದಯ್ಯ ಬೇಡ ಎನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಹೂತ ಟ್ರಾಕ್ಟರಿನ ಕೆಳಗೆ ಕೈ ಹಾಕಿ ಸರಪಳಿಯನ್ನು ತಾನೇ ಕಟ್ಟಿದ. ದೊಡ್ಡದು ಬದುವಿನ ಪಕ್ಕದ ಗಟ್ಟಿ ನೆಲದಲ್ಲಿ ನಿಂತು ಎಳೆಯಿತು. ಸರಪಳಿ ಎರಡು ಸಲ ಕಳಚಿತು. ರೋಟವೇಟರನ್ನು ಬಿಚ್ಚಿ ಬೇರೆ ಎಳೆಯಬೇಕಾಯಿತು. ಎಲ್ಲ ಸೇರಿ ಒಂದು ಗಂಟೆ ಹಿಡಿಯಿತು. ಪುಟ್ಟ ಟ್ರಾಕ್ಟರು ಹೊಟ್ಟೆಯ ತುಂಬ ಕೆಸರು ಮೆತ್ತಿಕೊಂಡು ಬದು ಹತ್ತಿ ನಿಂತಾಗ ಹೆಂಗಸರು ಮೂಲೆಯ ನಾಟಿ ಮುಗಿಸಿ ಸೊಂಟ ಎತ್ತಿದ್ದರು.

ಚಲುವರಾಜು ಸರಪಳಿ ಸುತ್ತುತ್ತಾ ನೆಲ ನೋಡಿಕೊಂಡು ಹೇಳಿದ. "ಬಾವ, ಎಂಗೂ ಬಂದಿವ್ನಿ. ಅಂಗೇ ನಾಕು ಸುತ್ತು ಒಡ್ದುಬುಡ್ಲಾ? ಮದ್ಯಾನಕ್ಕೆ ನಾಟಿ ಆಯ್ತದೆ."

ಎಲ್ಲರ ಕಣ್ಣೂ ಮುದ್ದಯ್ಯನ ಮೇಲೆ ನಿಂತವು. ಒಂದು ಹೂಂ ಸಾಕಿತ್ತು, ಬಾಯಿ ತೆರೆಯುವುದೂ ಬೇಕಿರಲಿಲ್ಲ. ತಿಮ್ಮಮ್ಮ ಕೆಸರಿನಲ್ಲಿ ನಿಂತು ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಕಟ್ಟಿಕೊಂಡಳು.

"ಎಳುದ್ಯಲ್ಲ, ಆ ಮುಯ್ಯಿ ತೀರಿಸ್ತೀನಿ" ಎಂದ ಮುದ್ದಯ್ಯ. "ಇನ್ನೊಂದು ಗಂಟೆ ತಲೆ ಮೇಲೆ ಒತ್ಕಳಾಕೆ ನನ್ ಕೈಲಾಗಲ್ಲ."

"ಹೂಂ ಅನ್ನಿ" ಎಂದಳು ತಿಮ್ಮಮ್ಮ. ಗಂಡನ ಮುಂದೆ ಅಷ್ಟು ಜನರ ನಡುವೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. "ನಿಮ್ಮ ಕಾಲಿಗ್ ಬೀಳ್ತೀನಿ, ಹೂಂ ಅನ್ನಿ. ಸಂಜಿಗೆ ನೀರು ನಿಲ್ತದೆ."

ಅವನು ಕಾಲುವೆಯಲ್ಲಿ ಕಾಲು ತೊಳೆದುಕೊಂಡ. ಒಂದು ಕಾಲು ತೊಳೆದು, ಇನ್ನೊಂದನ್ನು ಬಹಳ ಹೊತ್ತು ತಿಕ್ಕಿದ. ಆಮೇಲೆ ಟ್ರಾಕ್ಟರಿನ ಕೆಸರು ಕೆರೆಯಲು ಕೂತ. ತನ್ನ ಮೂರಡಿಯದರಲ್ಲಿ ಮತ್ತೆ ಇಳಿದರೂ ತೂಬು ಇಳಿಯುವುದರೊಳಗೆ ಕೆಸರೂ ಮುಗಿಯುತ್ತಿರಲಿಲ್ಲ, ನಾಟಿಯೂ ಆಗುತ್ತಿರಲಿಲ್ಲ. ಅವನಿಗೆ ಹೂಂ ಎಂದರೂ ಗೆದ್ದ ಹಾಗಲ್ಲ, ಊಹೂಂ ಎಂದರೂ ಗೆದ್ದ ಹಾಗಲ್ಲ ಎಂದು ತಿಮ್ಮಮ್ಮನಿಗೆ ಗೊತ್ತಿತ್ತು. ಅವನ ಮೇಲೆ ಕೋಪವೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಅವಳು ತಮ್ಮನ ಕಡೆ ತಿರುಗಿದಳು. "ಚಲುವ, ನಾನು ಏಳ್ತಾ ಇವ್ನಿ. ಇಳಿಸು ಟ್ರಾಕ್ಟರ."

ಚಲುವರಾಜು ಅಕ್ಕನನ್ನು ನೋಡಿದ, ಬಾವನ ಬೆನ್ನನ್ನು ನೋಡಿದ. ಅವನ ಕಣ್ಣಲ್ಲೂ ನೀರಿತ್ತು. "ಗದ್ದೆ ಯಜಮಾನ ಬ್ಯಾಡ ಅಂದ್ಮೇಲೆ ನಾನ್ ಎಂಗಕ್ಕ ಇಳೀಲಿ?" ಎಂದು ಹೇಳಿ ಐವತ್ತನ್ನು ಹತ್ತಿ ಹೊರಟುಹೋದ.

ಮದುವೆಯಾಗಿ ಬಂದ ವರ್ಷದಿಂದ ಆ ಗದ್ದೆಯಲ್ಲಿ ಬಗ್ಗಿದವಳು ಅವಳು. ಎಲ್ಲಿ ತಗ್ಗು, ಎಲ್ಲಿ ಏಡಿ ಬಿಲ, ಎಲ್ಲಿ ಕಾಲು ಕೊಯ್ಯುವ ಕಲ್ಲು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಒಬ್ಬನದು ಇಪ್ಪತ್ತೊಂದು, ಇನ್ನೊಬ್ಬನದು ಐವತ್ತು. ಅವಳ ಮಾತಿಗೆ ಒಂದು ಕುದುರೆಯ ಬಲವೂ ಇಲ್ಲ ಎಂಬುದು ಅವತ್ತು ಹಾಡುಹಗಲಲ್ಲಿ, ಊರ ಹೆಂಗಸರ ಎದುರಿಗೆ ತೀರ್ಮಾನವಾಯಿತು. ಎಲ್ಲರೂ ಅವಳ ಮುಖ ನೋಡಬಾರದು ಎಂದು ಪೈರಿನ ಕಡೆ ನೋಡುತ್ತಿದ್ದರು.

ಪ್ರಮೀಳಾ ಹತ್ತಿರ ಬಂದಳು. ಹೇಳಲೋ ಬೇಡವೋ ಎಂದು ಒದ್ದಾಡಿಕೊಂಡೇ ಹೇಳಿದಳು. "ಅಕ್ಕ, ತಪ್ಪು ತಿಳ್ಕಬೇಡಿ. ನಮ್ಮ ಒಟ್ಲು ಈ ಸಲ ಅರ್ಧಕ್ಕರ್ಧ ಉಟ್ನಿಲ್ಲ. ಗದ್ದೆ ನೆನ್ನೆನೇ ಅದವಾಗಿ ನಿಂತದೆ. ಈ ಪೈರು ಇಲ್ಲಿದ್ರೆ ಬಾಡೋಯ್ತದೆ. ಬಂದ ಆಳೂ ಸುಮ್ನೆ ಓಯ್ತವೆ."

ತಿಮ್ಮಮ್ಮ ಏನು ಹೇಳಬೇಕು? ಪೈರನ್ನು ದನಕ್ಕೆ ಹಾಕಿ ಎನ್ನಲೇ? ಅವಳೇ ಮೊದಲ ಕುಕ್ಕೆಯನ್ನು ತಲೆಗೆ ಎತ್ತಿಕೊಂಡಳು. ಹೆಂಗಸರು ಉಳಿದ ಕಟ್ಟುಗಳನ್ನು ಹೊತ್ತು ಸಾಲಾಗಿ ಕಾಲುವೆ ದಾಟಿದರು. ಪ್ರಮೀಳಾ ಬೆಳಿಗ್ಗೆ ತಿಮ್ಮಮ್ಮನ ಗದ್ದೆಗೆ ಇಳಿದಿದ್ದಳು, ಈಗ ಪ್ರಮೀಳಾಳ ಗದ್ದೆಗೆ ತಿಮ್ಮಮ್ಮ ಇಳಿಯದೆ ಇರುವ ಹಾಗಿಲ್ಲ. ಇವಳೂ ಒಂದಾಳು. ಮಧ್ಯಾಹ್ನಕ್ಕೆ ಎಂದು ಬೆಳಗಿನ ಜಾವ ಎದ್ದು ಮಾಡಿಟ್ಟಿದ್ದ ಅವರೆಕಾಳು ಸಾರು, ಮುದ್ದೆ ಕೂಡ ಅಲ್ಲಿಗೇ ಹೋಯಿತು.

ಚಲುವರಾಜುವಿನ ಗದ್ದೆ ಬೆಣ್ಣೆಯಂತಿತ್ತು. ಬೆರಳು ಇಟ್ಟಲ್ಲಿ ಪೈರು ನಿಲ್ಲುತ್ತಿತ್ತು. ತಾನು ಬಿತ್ತನೆ ನೆನೆಹಾಕಿ, ಮೊಳಕೆ ಕಟ್ಟಿ, ಕೊಕ್ಕರೆ ಓಡಿಸಿ ಬೆಳೆಸಿದ ಪೈರನ್ನು ತಿಮ್ಮಮ್ಮ ಒಂದೊಂದೇ ಕಡ್ಡಿ ಅಲ್ಲಿ ನೆಟ್ಟಳು. ಪಕ್ಕದಲ್ಲಿ ಸಿದ್ದಲಿಂಗಮ್ಮ ಹಿಂದೆ ಬಿದ್ದಾಗ ಅವಳ ಪಾಲಿನ ಎರಡು ಸಾಲನ್ನೂ ತಾನೇ ಹಾಕಿದಳು. ಪ್ರತಿ ಸಲವೂ ಯಾರಾದರೂ ಹಾಕುತ್ತಿದ್ದರು, ಅದನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ.

ಹೊತ್ತು ಇಳಿಯುತ್ತಿದ್ದಾಗ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು ಕೇಳಿದಳು. "ಅಲ್ಲ ಕಣಮ್ಮಿ, ಇವತ್ತಿನ ಮುಯ್ಯಿ ಯಾರ್ದು ಅಂತ ಇಟ್ಕಳದು? ತಿಮ್ಮಂದಾ, ಪ್ರಮೀಳಂದಾ?"

"ನಮ್ದು ಕಣಜ್ಜಿ" ಎಂದಳು ಪ್ರಮೀಳಾ ಥಟ್ಟನೆ. "ನೆಟ್ಟದ್ದು ನಮ್ ಗದ್ದೇಲಿ."

"ಅಲ್ಲ, ನಂದು" ಎಂದಳು ತಿಮ್ಮಮ್ಮ. "ನಾನು ಕರುದ್ರೆ ಬಂದವ್ರು ನೀವು. ನಿಮ್ಮೆಲ್ಲಾರ ಗದ್ದೆಗೂ ನಾನೇ ಬತ್ತೀನಿ."

ಗಂಡನ ಹಟವನ್ನು ಬೆಳಗಿನಿಂದ ಬೈದುಕೊಂಡವಳ ಬಾಯಿಗೂ ಅದೇ ಹಟ ಬಂದು ಕೂತಿತ್ತು. ಹೆಂಗಸರು ಮತ್ತೆ ನಾಟಿಗೆ ಬಗ್ಗಿದರು.

ಆಗ ಕಬ್ಬಿನ ಗದ್ದೆಯ ಕಡೆಯಿಂದ ಸದ್ದು ಕೇಳಿಸಿತು. ಟುಕುಟುಕು ಎಂಬ ಆ ಸದ್ದನ್ನು ಊರಿನ ಎಲ್ಲ ಟ್ರಾಕ್ಟರುಗಳ ನಡುವೆಯೂ ಅವಳು ಗುರುತು ಹಿಡಿಯುತ್ತಿದ್ದಳು. ಚಲುವರಾಜುವಿನ ಕಬ್ಬಿನ ಸಾಲುಗಳ ನಡುವೆ ಹಸಿರು ಗರಿಗಳು ಅಲುಗಾಡುತ್ತಾ ದಾರಿ ಬಿಡುತ್ತಿದ್ದವು. ಗರಿಗಳ ಮೇಲೆ ಮುದ್ದಯ್ಯನ ತಲೆಯ ಟವೆಲ್ಲು ಮಾತ್ರ ಕಾಣುತ್ತಿತ್ತು.

"ಎರಡನೇ ಸುತ್ತು ಮಣ್ಣು ಏರಿಸ್ತಾವ್ರೆ" ಎಂದಳು ಪ್ರಮೀಳಾ ಮೆಲ್ಲಗೆ. "ಮದ್ಯಾನನೇ ಟ್ರಾಕ್ಟರು ತೊಳ್ಕಂಡು ಬಂದ್ಬುಟ್ರಂತೆ. ಬೆಳಿಗ್ಗೆ ಎಳುದ್ದು ಒಂದು ಗಂಟೆ, ನಾನು ಎರಡು ಗಂಟೆ ಮಾಡ್ಕೊಡ್ತೀನಿ ಅಂದ್ರಂತೆ. ನಮ್ಮನೇವ್ರು ಎಷ್ಟು ಬ್ಯಾಡ ಅಂದ್ರೂ ಕೇಳ್ನಿಲ್ಲ."

ತಿಮ್ಮಮ್ಮನ ಕೈ ಕೆಸರಿನೊಳಗೇ ನಿಂತಿತು. ಎರಡಕ್ಕೆ ಒಂದು. ಯಾವ ಲೆಕ್ಕವನ್ನು ಒಪ್ಪುವುದಿಲ್ಲ ಎಂದು ಅವನು ಅರ್ಧ ಟೀ ಬಿಟ್ಟು ಎದ್ದು ಬಂದಿದ್ದನೋ, ಯಾವ ಲೆಕ್ಕಕ್ಕಾಗಿ ಗದ್ದೆಯನ್ನು ಬೀಳು ಬಿಟ್ಟನೋ, ಅದೇ ಲೆಕ್ಕವನ್ನು ಯಾರೂ ಕೇಳದೆ ತಾನಾಗಿ ತೀರಿಸುತ್ತಿದ್ದ. ಅವಳಿಗೆ ಕೂಗಬೇಕು ಎನ್ನಿಸಿತು. ಕೂಗಿದರೆ ಆ ಸದ್ದಿನಲ್ಲಿ ಅವನಿಗೆ ಕೇಳಿಸುತ್ತಿರಲಿಲ್ಲ.

ಕಾಲುವೆಯ ಏರಿಯ ಮೇಲೆ ಮಂಚಯ್ಯ ಹಾರೆ ಹೊತ್ತುಕೊಂಡು ತೂಬಿನ ಕಡೆ ಹೋಗುತ್ತಿದ್ದ. ಇವರನ್ನು ಕಂಡು, ಮುಗೀತಾ ನಾಟಿ ಎಂದು ಕೂಗಿ ಕೇಳಿದ. ಮುಗೀತು ಎಂದು ಯಾರೋ ಹೇಳಿದರು. ಅವನು ತೂಬಿನ ಹಲಗೆ ಇಳಿಸಿದ ಸದ್ದು ಕೇಳಿಸಿತು. ಆಚೆ ದಡದಲ್ಲಿ ಅವಳ ಗದ್ದೆ ಕಾಣುತ್ತಿತ್ತು, ಮೂಲೆಯಲ್ಲಿ ಒಂದು ತುಂಡು ಹಸಿರು, ನಡುವೆ ಟ್ರಾಕ್ಟರು ಎದ್ದ ಗುಂಡಿ. ಆ ಗುಂಡಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ನೀರಿತ್ತು.